ಕಾಕೂನ ಹಲ್ಲಿನ ಮೇಲಿನ ಹಲ್ಲು

ಮೊನ್ನೆ ಒಬ್ಬ ಹೆಂಗಸು ತನ್ನ ಕವಳಿಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ನನ್ನ ದವಾಖಾನೆಗೆ ಬಂದಳು. ಕವಳಿ ಎಂದರೆ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು. ನಮ್ಮ ನಿಪ್ಪಾಣಿಯಲ್ಲಿ ಕನ್ನಡ ಮಾತಾಡುವವರೂ ಮರಾಠಿ ಮಾತಾಡುವವರೂ ಅದಕ್ಕೆ ಹಾಗೆಯೇ ಅನ್ನುತ್ತಾರೆ. ಮುಂದಿನ ಹಲ್ಲೊಂದರ ಚಕ್ಕೆ ಎದ್ದಿದೆ, ಸರಿ ಮಾಡಿಕೊಡಬೇಕು ಎಂದಳು. ಗಂಟು ಬಿಚ್ಚಿದ್ದೇ ತಡ, ಮಿಶ್ರಿಯ ವಾಸನೆ ಮೂಗಿಗೆ ಬಡಿಯಿತು.

ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೆ ತಿಕ್ಕುವುದು ನಮ್ಮ ಕಡೆಯ ಹೆಂಗಸರ ಹಳೆಯ ಚಟ. ಅದೇ ಮಿಶ್ರಿ. ಹಲ್ಲು ಗಟ್ಟಿಯಾಗುತ್ತವೆ ಎಂದು ತಿಕ್ಕುತ್ತಾರೆ, ತಿಕ್ಕಿ ತಿಕ್ಕಿಯೇ ಒಸಡು ಹಾಳು ಮಾಡಿಕೊಂಡು ಹಲ್ಲು ಕಳೆದುಕೊಳ್ಳುತ್ತಾರೆ. ಹಲ್ಲೆಲ್ಲ ಹೋದ ಮೇಲಾದರೂ ಬಿಡುತ್ತಾರೆಯೇ ಎಂದರೆ ಅದೂ ಇಲ್ಲ, ಕವಳಿಗೆ ತಿಕ್ಕುತ್ತಾರೆ! ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಂದವರನ್ನು ಬೈದೇ ಔಷಧ ಕೊಡುವ ಡಾಕ್ಟರು ಎಂದು ನನ್ನ ಹೆಸರು ಊರಿನಲ್ಲಿ ಕೆಟ್ಟಿದೆ. ಅವತ್ತೂ ಬೈಯಬೇಕೆಂದೇ ಬಾಯಿ ತೆರೆದೆ. ಆದರೆ ಕಣ್ಣು ತುಂಬಿ ಬಂತು. ಆ ಹೆಂಗಸು ಗಾಬರಿಯಾಗಿ, ತನ್ನ ಹಲ್ಲು ಅಷ್ಟೊಂದು ಕೆಟ್ಟುಹೋಗಿದೆಯೇ ಎಂದು ಕೇಳಿದಳು. ಇಲ್ಲಮ್ಮ, ಏನೋ ನೆನಪಾಯಿತು ಎಂದೆ.

ನೆನಪಾದದ್ದು ಕಾಕೂ...

ಕಾಕೂ ನಮಗೆ ರಕ್ತಸಂಬಂಧಿಯಲ್ಲ. ಬಾಜು ಮನೆಯವಳು, ಅಷ್ಟೇ. ಕಾಕೂ ಎಂದರೆ ಚಿಕ್ಕಮ್ಮ, ಓಣಿಯಲ್ಲಿ ಎಲ್ಲರಿಗೂ ಅವಳು ಕಾಕೂ. ನಮ್ಮೆರಡು ಮನೆಯ ಹಿತ್ತಲಿನ ನಡುವೆ ಒಂದು ಗಿಡ್ಡ ಗೋಡೆ ಇತ್ತು. ಆ ಗೋಡೆಯ ಮೇಲಿನಿಂದ ನಮ್ಮ ಬದನೆಕಾಯಿ ಪಲ್ಯ ಆಚೆ ಹೋಗುತ್ತಿತ್ತು, ಅವರ ಶೇಂಗಾ ಹಿಂಡಿ ಚಟ್ನಿ ಈಚೆ ಬರುತ್ತಿತ್ತು, ಓಣಿಯ ಸುದ್ದಿಯಂತೂ ಎರಡೂ ಕಡೆ ಹಾಯುತ್ತಿತ್ತು. ಅವಳ ಗಂಡ ಬೇಗ ತೀರಿಕೊಂಡಿದ್ದ. ಒಬ್ಬನೇ ಮಗ, ನಾನು ಅವನನ್ನು ಅಣ್ಣ ಎಂಬರ್ಥದಲ್ಲಿ ದಾದಾ ಎನ್ನುತ್ತಿದ್ದೆ. ಅಕ್ಕೋಳದಲ್ಲಿ ಅವರ ಕಬ್ಬಿನ ಹೊಲವಿತ್ತು. ದಾದಾ ಮುಂಜಾನೆ ಹೊಲಕ್ಕೆ ಹೋದರೆ ಮನೆಯಲ್ಲಿ ಕಾಕೂನದೇ ದರಬಾರು.

ಅವಳ ನಗುವನ್ನು ಹೇಗೆ ಹೇಳಲಿ... ಕಾಕೂ ಮುಗುಳ್ನಕ್ಕದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ನಕ್ಕರೆ ಬಾಯಿ ಅಗಲಿಸಿ, ತಲೆ ಹಿಂದಕ್ಕೆ ಚೆಲ್ಲಿ, ಓಣಿಯ ಕೊನೆಯ ಮನೆಯವರೆಗೂ ಕೇಳುವಂತೆ ನಗುತ್ತಿದ್ದಳು. ಹಾಗೆ ನಕ್ಕಾಗ ಎಡಗಡೆ ಮೇಲ್ಸಾಲಿನಲ್ಲಿ ಒಂದು ಹಲ್ಲಿನ ಮೇಲೆ ಇನ್ನೊಂದು ಹಲ್ಲು ಏರಿ ಕುಳಿತಿರುವುದು ಕಾಣುತ್ತಿತ್ತು. ಯಾರಾದರೂ ಅವಳ ಮನೆ ಎಲ್ಲಿ ಎಂದು ಕೇಳಿಕೊಂಡು ಬಂದರೆ, ಹಲ್ಲಿನ ಮೇಲೆ ಹಲ್ಲಿರುವ ಕಾಕೂನ ಮನೆಯೇ ಎಂದು ಕೇಳಿ ಖಾತ್ರಿ ಮಾಡಿಕೊಂಡು ದಾರಿ ತೋರಿಸುತ್ತಿದ್ದರು. ಅವಳಿಗೆ ಅದರ ಬೇಸರವೇನೂ ಇರಲಿಲ್ಲ.

ನಾನು ಬೆಳಗಾವಿಯಲ್ಲಿ ಹಲ್ಲಿನ ವೈದ್ಯಕೀಯ ಓದಿ ಬಂದು ನಿಪ್ಪಾಣಿಯಲ್ಲೇ ದವಾಖಾನೆ ತೆರೆಯುವ ಹೊತ್ತಿಗೆ ಮಿಶ್ರಿ ತನ್ನ ಕೆಲಸ ಮುಗಿಸಿತ್ತು. ಕಾಕೂನ ಹಲ್ಲುಗಳು ಒಂದೊಂದಾಗಿ ಅಲುಗುತ್ತಿದ್ದವು. ಕೊಲ್ಲಾಪುರಕ್ಕೆ ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದು ದಾದಾ ಹೇಳಿದರೆ ಅವಳು ಒಪ್ಪಲಿಲ್ಲ. ನೆಟ್ಟಗೆ ನನ್ನ ಕುರ್ಚಿಗೆ ಬಂದು ಕುಳಿತು, "ನೀನ ಕೀಳ. ಮಂದಿ ಕೈಯಾಗ ನಾ ಬಾಯಿ ಕೊಡೂದಿಲ್ಲ" ಎಂದಳು. ಎಲ್ಲವನ್ನೂ ಕಿತ್ತೆ. ಆ ಏರಿ ಕುಳಿತ ಹಲ್ಲು ಕೊನೆಗೆ ಬಂತು, ಅದೊಂದು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿತ್ತು.

ಒಸಡು ಮಾಗಿದ ಮೇಲೆ ಕವಳಿ ಮಾಡಿಸಿದೆ. ಹೊಸ ಡಾಕ್ಟರು, ಹೊಸ ಹುರುಪು. ಸಾಲಾಗಿ, ಸಮನಾಗಿ, ಎಲ್ಲಿಯೂ ಒಂದು ಎಳೆ ಸೊಟ್ಟವಿಲ್ಲದ ಹಲ್ಲುಗಳನ್ನು ಕೂಡಿಸಿದೆ. ಬಾಯಿಗೆ ಹಾಕಿ ಕನ್ನಡಿ ಕೊಟ್ಟು, ಹೇಗಿದೆ ಎಂದು ಜಂಬದಿಂದ ಕೇಳಿದೆ. ಕಾಕೂ ಬಹಳ ಹೊತ್ತು ಕನ್ನಡಿಯನ್ನೇ ನೋಡಿದಳು. "ಛಲೋ ಆಗೇತಿ. ಆದ್ರ ಬ್ಯಾರೆದವ್ರ ಬಾಯಿ ಇದ್ದಂಗ ಐತಿ" ಎಂದಳು. ರೂಢಿಯಾಗುತ್ತದೆ ಬಿಡು ಎಂದು ಬೆನ್ನು ತಟ್ಟಿ ಕಳಿಸಿದೆ.

ರೂಢಿಯಾಯಿತೇನೋ. ಜೋಳದ ಭಕ್ಕರಿ ತಿನ್ನಲು ಕಲಿತಳು, ಹುರಿಗಡಲೆ ಕೂಡ ಜಗಿದಳು. ಮಿಶ್ರಿ ತಿಕ್ಕುವುದನ್ನೂ ಮತ್ತೆ ಶುರುಮಾಡಿದಳು. ಗೋಡೆಯಾಚೆ ಹಿತ್ತಲಿನ ಕಲ್ಲಿನ ಮೇಲೆ ಕುಳಿತು, ಕವಳಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈ ಬೆರಳಿನಿಂದ ತಾಮ್ರದ ತಂಬಿಗೆ ಬೆಳಗುವ ಹಾಗೆ ಬೆಳಗುತ್ತಿದ್ದಳು. ನಾನು ಕೂಗಾಡಿದರೆ ಸೆರಗಿನ ಮರೆಗೆ ಸರಿಸುತ್ತಿದ್ದಳು, ಅಷ್ಟೇ.

ಕಷ್ಟ ಶುರುವಾದದ್ದು ಕುಡಚಿಯಲ್ಲಿ.

ಕಾಕೂಗೆ ಒಬ್ಬಳೇ ಅಕ್ಕ. ಅಥಣಿ ಕಡೆಯ ತವರಿನಿಂದ ಆಕೆಯನ್ನು ಕುಡಚಿಗೆ ಕೊಟ್ಟಿದ್ದರು, ಹಾಗಾಗಿ ನಮಗೆಲ್ಲ ಅವಳು ಕುಡಚಿ ಅಕ್ಕ. ಆಕೆಗೆ ವಯಸ್ಸಿನ ಮರೆವು ಹತ್ತಿತ್ತು. ಮೊದಲು ಹೆಸರು ಮರೆತಳು, ಆಮೇಲೆ ಮನೆಯ ಬಾಗಿಲು ಮರೆತಳು, ಬರಬರುತ್ತ ಹೊಟ್ಟೆಯ ಮಗನನ್ನೇ ಮರೆತಳು. ಕಿವಿಯೂ ಮಂದವಾಗಿತ್ತು. ಮಗ, ಸೊಸೆ ಇಬ್ಬರೂ ಒಳ್ಳೆಯವರು, ಕೈಲಾದಷ್ಟು ಮಾಡುತ್ತಿದ್ದರು. ಆದರೆ ಅವರು ತುತ್ತು ತಂದರೆ ಆಕೆ ಬಾಯಿ ಬಿಗಿಹಿಡಿಯುತ್ತಿದ್ದಳು. ಗುರುತಿಲ್ಲದವರ ಕೈಯಿಂದ ಹೇಗೆ ಉಣ್ಣುವುದು ಎಂಬ ಸಂಕೋಚ. ಇಡೀ ಜಗತ್ತಿನಲ್ಲಿ ಆಕೆಗೆ ಗುರುತು ಉಳಿದದ್ದು ತಂಗಿಯೊಬ್ಬಳದೇ. ತಂಗಿಯನ್ನು ಆಕೆ ಸಣ್ಣಾಕಿ ಎಂದು ಕರೆಯುತ್ತಿದ್ದಳು. ಸಣ್ಣಾಕಿ ಬಂದು ಎದುರು ಕುಳಿತು ನಕ್ಕರೆ ಸಾಕು, ಬಾಯಿ ತೆರೆದು ಕೂಸಿನ ಹಾಗೆ ಉಣ್ಣುತ್ತಿದ್ದಳು. ಅದಕ್ಕೇ ಕಾಕೂ ಆಗಾಗ ಬಸ್ಸು ಹತ್ತಿ ಕುಡಚಿಗೆ ಹೋಗಿ, ಅಕ್ಕನ ಮೈಯಲ್ಲಿ ಒಂದಿಷ್ಟು ಕಸುವು ತುಂಬಿಸಿ ಬರುತ್ತಿದ್ದಳು.

ಹಲ್ಲು ಕೀಳಿಸಿಕೊಂಡ ದಿನಗಳಲ್ಲಿ ಹೋಗಲಾಗಿರಲಿಲ್ಲ. ಹೊಸ ಕವಳಿ ಹಾಕಿಕೊಂಡು, ಮಡಿ ಸೀರೆ ಉಟ್ಟು, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋದಳು. ಎರಡು ದಿನ ಇದ್ದು ಬರುತ್ತೇನೆ ಎಂದವಳು ಅದೇ ಸಂಜೆ ತಿರುಗಿ ಬಂದಳು. ಹೋಳಿಗೆಯ ಡಬ್ಬಿ ಹಾಗೆಯೇ ಇತ್ತು.

ಅಕ್ಕ ಗುರುತಿಸಿರಲಿಲ್ಲ. ಕಾಕೂ ನಗುತ್ತ ಎದುರು ಕುಳಿತರೆ, ಆಕೆ ಸೆರಗು ಸರಿಮಾಡಿಕೊಂಡು, "ಯಾವೂರ್ರಿ ನಿಮ್ಮದು? ಬಂದೀರಿ, ಚಾ ಕುಡದ ಹೋಗ್ರಿ" ಎಂದಳಂತೆ. ಕವಳಿ ತೆಗೆದು ಬೊಚ್ಚು ಬಾಯಿ ತೋರಿಸಿದರೆ ಇನ್ನಷ್ಟು ಹೆದರಿ ಮುಖ ತಿರುಗಿಸಿದಳಂತೆ. ಕಾಕೂ ಮರುದಿನ ಮುಂಜಾನೆ ನಾನು ಬಾಗಿಲು ತೆಗೆಯುವ ಮೊದಲೇ ದವಾಖಾನೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಒಳಗೆ ಬಂದವಳೇ ಕವಳಿಯನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟಳು. "ಇದನ್ನ ನೀನ ಇಟ್ಕೊ ಮಗಳ. ನನಗ ನನ್ನ ಹಲ್ಲ ಕೊಡ" ಎಂದಳು.

ಕಿತ್ತ ಹಲ್ಲು ನಾನು ಎಲ್ಲಿಂದ ತರಲಿ? ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ. ಆ ಹಲ್ಲಿನ ಮೇಲಿನ ಹಲ್ಲು ಕಾಣದಿದ್ದರೆ ತನ್ನ ಅಕ್ಕ ಗುರುತು ಹಿಡಿಯದೆ, ಉಣ್ಣದೆ ಸಾಯುತ್ತಾಳೆ ಎಂದು ನೆಲ ನೋಡುತ್ತ ಅಂದಳು.

ಕವಳಿಯ ಹಲ್ಲಿನ ಮೇಲೆ ಇನ್ನೊಂದು ಹಲ್ಲು ಕಟ್ಟುವುದು ಅಂಥ ದೊಡ್ಡ ಕೆಲಸವಲ್ಲ ಎಂದು ನಾನು ತಿಳಿದಿದ್ದೆ. ಹುಳುಕು ಹಲ್ಲಿಗೆ ತುಂಬುವ ಬಿಳಿ ಮಸಾಲೆ ಇರುತ್ತದಲ್ಲ, ಕಾಂಪೋಸಿಟ್, ಅದನ್ನು ತಿದ್ದಿ ತೀಡಿ ಬೇಕಾದ ಆಕಾರ ಕೊಟ್ಟು ನೀಲಿ ಬೆಳಕು ಬಿಟ್ಟರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ನಿಜವಾದ ಹಲ್ಲಿಗೆ ಹಚ್ಚುವಾಗ ಮೊದಲು ಸ್ವಲ್ಪ ಆ್ಯಸಿಡ್ ಸವರುತ್ತೇವೆ. ಅದು ಹಲ್ಲಿನ ಮೇಲೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತು ಮಾಡುತ್ತದೆ, ಮಸಾಲೆ ಆ ತೂತುಗಳಲ್ಲಿ ಬೇರು ಬಿಡುತ್ತದೆ. ಕವಳಿಗೂ ಹಾಗೆಯೇ ಮಾಡಿದೆ. ಅವಳ ಹಳೆಯ ಫೋಟೋ ಎದುರಿಗಿಟ್ಟುಕೊಂಡು, ಏರಿ ಕುಳಿತ ಹಲ್ಲನ್ನು ತಿದ್ದಿದೆ. ಅದೇ ಸಂಜೆ ಅದು ಸಾರಿನ ತಾಟಿನಲ್ಲಿ ಬಿತ್ತು.

ಕವಳಿಯ ಹಲ್ಲು ಅಕ್ರಿಲಿಕ್, ಒಂದು ಬಗೆಯ ಪ್ಲಾಸ್ಟಿಕ್. ಆ್ಯಸಿಡ್ಡು ಅದಕ್ಕೆ ಲೆಕ್ಕಕ್ಕೇ ಇಲ್ಲ. ಮಷೀನಿನಿಂದ ಗೀಚಿ ಒರಟು ಮಾಡಿ ಮತ್ತೆ ಹಚ್ಚಿದೆ. ಕೆಲವು ದಿನ ನಿಂತಿತು, ಮತ್ತೆ ಉದುರಿತು. ಕೊನೆಗೆ ಬೆಳಗಾವಿಯಲ್ಲಿ ನನಗೆ ಕಲಿಸಿದ ಮೇಡಂಗೆ ಫೋನ್ ಮಾಡಿದೆ. ಅವರು ಸಾವಧಾನವಾಗಿ ಕೇಳಿ, ಮೂರು ಕೆಲಸ ಹೇಳಿದರು. ಮೊದಲು ಗೀಚಬೇಕು. ಆಮೇಲೆ ಹಿಟ್ಟಿನಷ್ಟು ಸಣ್ಣ ಮರಳಿನ ಪುಡಿಯನ್ನು ಗಾಳಿಯ ಜೋರಿನಿಂದ ಅದರ ಮೇಲೆ ಹೊಡೆಸಬೇಕು. ಕೊನೆಗೆ, ಅಕ್ರಿಲಿಕ್ ಯಾವ ದ್ರವದಿಂದ ಆಗುತ್ತದೆಯೋ ಅದೇ ಮೊನೊಮರ್ ದ್ರವದಿಂದ ಕೆಲವು ನಿಮಿಷ ತೋಯಿಸಬೇಕು. ಆಗ ಮೇಲ್ಮೈ ತುಸು ನೆನೆದು ಉಬ್ಬಿ ಹೊಸದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಇದನ್ನು ಕಾಕೂಗೆ ಹೇಳಿದೆ. ಹಳೆಯ ಗೋಡೆಗೆ ಗಿಲಾವ್ ಮಾಡುವ ಮೊದಲು ಕಚ್ಚು ಹಾಕಿ ನೀರು ಹೊಡೆಯುವುದಿಲ್ಲವೇ, ಹಾಗೆ ಎಂದೆ. ಇಷ್ಟು ಸಾದಾ ಮಾತಿಗೆ ಬೆಳಗಾವಿಗೆ ಯಾಕೆ ಫೋನ್ ಮಾಡಿದೆ ಎಂದು ಅವಳು ನನ್ನನ್ನೇ ಆಡಿಕೊಂಡಳು.

ಮರಳು ಹೊಡೆಸುವ ಮಷೀನು ನನ್ನ ಹತ್ತಿರ ಇರಲಿಲ್ಲ. ಚಿಕ್ಕೋಡಿಯಲ್ಲಿ ಹಲ್ಲು ತಯಾರಿಸುವ ಒಬ್ಬ ಲ್ಯಾಬಿನವನ ಹತ್ತಿರ ಇತ್ತು. ಕೊರಿಯರಿನಲ್ಲಿ ಕಳಿಸುತ್ತೇನೆ ಎಂದರೆ ಕಾಕೂ ಕೇಳಬೇಕಲ್ಲ. ತನ್ನ ಹಲ್ಲನ್ನು ತಾನೇ ಒಯ್ದು ತರುತ್ತೇನೆ ಎಂದು ಹಟ ಹಿಡಿದಳು. ಸ್ಟೀಲಿನ ಡಬ್ಬಿಯಲ್ಲಿ ಕವಳಿ ಇಟ್ಟುಕೊಂಡು, ಬೊಚ್ಚು ಬಾಯಿಗೆ ಸೆರಗು ಮುಚ್ಚಿಕೊಂಡು ಚಿಕ್ಕೋಡಿ ಬಸ್ಸು ಹತ್ತಿದಳು. ಲ್ಯಾಬಿನವನು ಕೆಲಸ ಮಾಡಿ ಕೊಟ್ಟ. ಮಧ್ಯಾಹ್ನ ಡಬ್ಬಿ ನನ್ನ ಕೈಗೆ ಬಂತು. ನಾನು ಮೊನೊಮರ್ ಹಚ್ಚಿ, ಅಂಟು ಹಚ್ಚಿ, ಹಲ್ಲು ಕಟ್ಟಿದೆ. ಕನ್ನಡಿಯಲ್ಲಿ ನೋಡಿಕೊಂಡು ಕಾಕೂ ನಕ್ಕಳು ನೋಡಿ... ಹೊರಗೆ ಕುಳಿತಿದ್ದ ಪೇಶಂಟುಗಳೆಲ್ಲ ಬಾಗಿಲಿಗೆ ಬಂದು ಇಣುಕಿದರು.

ಮರುದಿನವೇ ಕುಡಚಿಗೆ ಹೋದಳು. ಅಲ್ಲಿ ಏನಾಯಿತು ಎಂಬುದನ್ನು ಆಮೇಲೆ ಅಕ್ಕನ ಸೊಸೆ ಫೋನಿನಲ್ಲಿ ಹೇಳಿದಳು. ಕಾಕೂ ಎದುರು ಕುಳಿತಿದ್ದಾಳೆ, ಅಕ್ಕ ಅವಳ ಬಾಯನ್ನೇ ನೋಡುತ್ತಿದ್ದಾಳೆ. ಎಲ್ಲೋ ಏನೋ ಹೊಳೆದಂತೆ ಮುಂದಕ್ಕೆ ಬಾಗಿದಳಂತೆ. ಕಾಕೂ ಸಡಗರದಿಂದ, ನೋಡು, ಹೀಗೆ ಉಣ್ಣು ಎಂದು ತಾನೇ ಮೊದಲು ಒಂದು ತುಣುಕು ಭಕ್ಕರಿ ಕಚ್ಚಿದ್ದಾಳೆ. ಹಲ್ಲು ಭಕ್ಕರಿಗೆ ಅಂಟಿಕೊಂಡು ಕೈಗೆ ಬಂದಿದೆ. ಗುರುತಿಲ್ಲದ ಹೆಂಗಸೊಬ್ಬಳು ಬಾಯಿಂದ ಹಲ್ಲು ಕಿತ್ತು ಕೈಯಲ್ಲಿ ಹಿಡಿದದ್ದನ್ನು ಕಂಡು ಅಕ್ಕ ಕಿಟಾರನೆ ಕಿರುಚಿಕೊಂಡಳಂತೆ. ಅವತ್ತು ಮತ್ತೆ ಕಾಕೂನನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಲ್ಯಾಬಿನವನಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈದೆ. ಮರಳು ಹೊಡೆಸದೆಯೇ ಹೊಡೆಸಿದೆ ಎಂದು ಸುಳ್ಳು ಹೇಳಿದ್ದೀಯಾ ಎಂದೆ. ಅವನು ದೇವರಾಣೆ ಹಾಕಿದ. ನಾನು ಬಿಡಲಿಲ್ಲ. ಕುರ್ಚಿಯಲ್ಲಿ ಕುಳಿತಿದ್ದ ಕಾಕೂ ನನ್ನ ಕೈ ಹಿಡಿದು ಜಗ್ಗಿದಳು.

"ಅಂವನ್ನ ಬೈಬ್ಯಾಡ ಮಗಳ. ನಾನ ತಿಕ್ಕೇನಿ."

ಏನು ತಿಕ್ಕಿದೆ ಎಂದೆ. ನಿಧಾನವಾಗಿ ಎಲ್ಲ ಹೊರಗೆ ಬಂತು. ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಡಬ್ಬಿ ತೆರೆದು ನೋಡಿದ್ದಾಳೆ. ಹೊಳೆಯುತ್ತಿದ್ದ ಹಲ್ಲು ಮಬ್ಬಾಗಿ, ಒರಟಾಗಿ, ಬೂದಿ ಬಡಿದಂತೆ ಕಂಡಿದೆ. ಲ್ಯಾಬಿನವನು ಹೊಲಸು ಮಾಡಿ ಕೊಟ್ಟಿದ್ದಾನೆ, ಇದನ್ನು ಹಾಗೆಯೇ ಡಾಕ್ಟರ ಕೈಗೆ ಹೇಗೆ ಕೊಡುವುದು ಎನಿಸಿದೆ. ಸೊಂಟದ ಚೀಲದಿಂದ ಮಿಶ್ರಿ ತೆಗೆದು, ತಲೆಗೆ ಹಚ್ಚಿದ್ದ ಎಣ್ಣೆಯನ್ನೇ ಬೆರಳಿಗೆ ಸವರಿಕೊಂಡು, ನಿಪ್ಪಾಣಿ ಬರುವವರೆಗೂ ಬಸ್ಸಿನಲ್ಲಿ ತಿಕ್ಕಿದ್ದಾಳೆ. ಆಮೇಲೆ ಸೆರಗಿನಿಂದ ಚೊಕ್ಕ ಒರೆಸಿ ಡಬ್ಬಿಯಲ್ಲಿಟ್ಟು ತಂದಿದ್ದಾಳೆ. ಎಣ್ಣೆಯ ಪಸೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರ ಮೇಲೆ ಏನು ಹಚ್ಚಿದರೂ ಹಿಡಿಯುವುದಿಲ್ಲ.

ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ಮಂದಿ ಮನಿ ಭಾಂಡಿ ತೊಳೀದ ಕೊಡ್ತಾರೇನ? ಅದ್ರಾಗ ಹೇಳೂದೇನೈತಿ ಬೇ" ಎಂದಳು. ನಿಜವೇ. ನಮ್ಮ ಹಿತ್ತಲಿನ ಗೋಡೆಯ ಮೇಲೆ ಅವಳು ತಿರುಗಿ ಇಡುತ್ತಿದ್ದ ಪಾತ್ರೆಗಳಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳಿಗೆ ಮಾತ್ರ ಅಳು ಬಂದುಬಿಟ್ಟಿತ್ತು. ತನ್ನ ಕೈಯಾರೆ ಅಕ್ಕನ ಬಾಯಿಗೆ ಬರುತ್ತಿದ್ದ ತುತ್ತು ತಪ್ಪಿಸಿದೆ ಎಂದು ಎದೆ ಬಡಿದುಕೊಂಡಳು. ಹುಟ್ಟಿದಾಗಿನಿಂದ ನೋಡಿದ ಕಾಕೂ ಹಾಗೆ ಅತ್ತದ್ದನ್ನು ನಾನು ಅವತ್ತೇ ಕಂಡದ್ದು.

ಲ್ಯಾಬಿನವನ ಕ್ಷಮೆ ಕೇಳಿ, ಮರುದಿನ ದವಾಖಾನೆಗೆ ಬೀಗ ಹಾಕಿ ನಾನೇ ಅವಳೊಂದಿಗೆ ಚಿಕ್ಕೋಡಿಗೆ ಹೋದೆ. ನನ್ನ ಬಾಟಲಿ, ನನ್ನ ಮಸಾಲೆ, ನೀಲಿ ಬೆಳಕಿನ ಮಷೀನು ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡೆ. ಹಳೆಯ ಮೇಲ್ಪದರ ಪೂರ್ತಿ ತೆಗೆದು, ಮರಳು ಹೊಡೆಸಿ, ತೊಳೆದು ಒಣಗಿಸಿ, ಯಾರ ಬೆರಳೂ ತಾಗದಂತೆ ಅಲ್ಲಿಯೇ ಕುಳಿತು ಹಲ್ಲು ಕಟ್ಟಿದೆ. ಕಾಕೂ ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ಮೂಲೆಯಲ್ಲಿ ಕುಳಿತಿದ್ದಳು. ಕವಳಿ ಕೊಡುವ ಮೊದಲು ಒಂದೇ ಷರತ್ತು ಹಾಕಿದೆ. ಮಿಶ್ರಿ ಬಿಡಬೇಕು. ಅವಳು ಸೊಂಟದ ಚೀಲ ಬಿಚ್ಚಿ, ಮಿಶ್ರಿಯ ಡಬ್ಬಿಯನ್ನು ಲ್ಯಾಬಿನವನ ಕಸದ ಬುಟ್ಟಿಗೆ ಹಾಕಿದಳು. ಆಮೇಲಿನ ಕೆಲವು ವಾರ ನಮ್ಮ ಓಣಿಯಲ್ಲಿ ಅವಳು ಜಗಳ ತೆಗೆಯದ ಮನೆ ಉಳಿಯಲಿಲ್ಲ. ತಲೆನೋವಂತೆ, ಕೈ ನಡುಕವಂತೆ, ಹಾಲಿನವನ ಹಾಲು ನೀರಂತೆ. ಎಲ್ಲರೂ ಸಹಿಸಿಕೊಂಡೆವು. ಅವಳು ಮತ್ತೆ ಮಿಶ್ರಿ ಮುಟ್ಟಲಿಲ್ಲ.

ಆ ಸಲ ಕುಡಚಿಗೆ ನಾನೂ ಹೋದೆ. ಅಕ್ಕ ಪಡಸಾಲೆಯಲ್ಲಿ ಕುಳಿತಿದ್ದಳು. ಸೊರಗಿ ಇಷ್ಟೇ ಇಷ್ಟಾಗಿದ್ದಳು, ಮುಂಗೈ ಬಳೆ ಮೊಣಕೈಗೆ ಜಾರುತ್ತಿತ್ತು. ನಮ್ಮನ್ನು ಕಂಡು, ಬರ್ರಿ ಕೂಡ್ರಿ ಎಂದು ಬೀಗರನ್ನು ಕರೆದಂತೆ ಕರೆದಳು. ಕಾಕೂ ಎದುರು ಕುಳಿತಳು, ಆದರೆ ಬಾಯಿ ತೆರೆಯಲೇ ಒಲ್ಲಳು. ಎಲ್ಲಿ ಮತ್ತೆ ಬೀಳುತ್ತದೋ ಎಂಬ ಹೆದರಿಕೆ. ನಗು ಕಾಕೂ ಎಂದು ಚಿವುಟಿದೆ. ನಗು ಎಲ್ಲಿಂದ ಬರಬೇಕು!

ಅಷ್ಟರಲ್ಲಿ ಅಕ್ಕನ ಮಗ ಹೊಲದಿಂದ ಬಂದು, ಕೈಕಾಲು ತೊಳೆದು ಒಳಗೆ ಊಟಕ್ಕೆ ಹೋದ. ಅಕ್ಕ ಅವನ ಬೆನ್ನನ್ನೇ ನೋಡಿ, ಕಾಕೂನ ಕಿವಿಯ ಹತ್ತಿರ ಬಾಗಿ, ಗುಟ್ಟು ಹೇಳುವವಳಂತೆ ಅಂದಳು: "ಇಂವಾ ಯಾರೋ ಏನೋ ಗೊತ್ತಿಲ್ರಿ. ದಿನಾ ಬಂದ ಉಂಡ ಹೊಕ್ಕಾನ. ಪಾಪ, ಮನಿ ಇಲ್ಲೇನೋ."

ಕಾಕೂಗೆ ತಡೆಯಲಾಗಲಿಲ್ಲ. ತಲೆ ಹಿಂದಕ್ಕೆ ಚೆಲ್ಲಿ ನಕ್ಕುಬಿಟ್ಟಳು, ಮೊದಲಿನ ಹಾಗೆ, ಬಾಯಿ ತುಂಬ. ಮನೆಯೆಲ್ಲ ಆ ನಗುವೇ ಆಯಿತು. ಹಲ್ಲು ಅಲುಗಲಿಲ್ಲ. ನಾನು ಅಕ್ಕನ ಮುಖ ನೋಡುತ್ತಿದ್ದೆ. ಆಕೆಯ ಹುಬ್ಬು ಗಂಟಿಕ್ಕಿತು. ಎಲುಬು ಚಕ್ಕಳವಾದ ಆ ಕೈ ಮೆಲ್ಲಗೆ ಮೇಲೆದ್ದು, ಹೋಗಿ ಕಾಕೂನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿತು.

"ಬಾಯಿ ಮುಚ್ಚ ಬೇ ಸಣ್ಣಾಕಿ. ಮಂದಿ ನೋಡಾಕತ್ತಾರ."

ಕಾಕೂ ಆ ಕೈಯನ್ನು ಹಾಗೆಯೇ ಬಾಯಿಗೆ ಒತ್ತಿ ಹಿಡಿದುಕೊಂಡಳು. ಸೊಸೆ ಓಡಿ ಹೋಗಿ ತಾಟು ತಂದಳು. ಅಕ್ಕ ಅವತ್ತು ತಂಗಿಯ ಕೈಯಿಂದ ಹಾಲು ಭಕ್ಕರಿ ಉಂಡಳು, ಮತ್ತೆ ಹಾಕು ಎಂದು ಕೇಳಿ ಉಂಡಳು. ನಾನು ಹಿತ್ತಲಿಗೆ ಹೋಗಿ ಮುಖ ತೊಳೆದು ಬಂದೆ.

ಅಲ್ಲಿಂದ ಮುಂದೆ ಒಂದು ಒಳ್ಳೆಯ ಕಾಲ ನಡೆಯಿತು. ಕಾಕೂ ಹೋಗುವುದು, ಅಕ್ಕ ಉಣ್ಣುವುದು. ಚಹದ ಕಲೆಗೆ ಆ ಹಲ್ಲು ತುಸು ಕಂದು ಬಣ್ಣಕ್ಕೆ ತಿರುಗಿತು. ನಾನು ಆಗಾಗ ಉಜ್ಜಿ ಕೊಡುತ್ತಿದ್ದೆ. ಅದು ಮತ್ತೆ ಬೀಳಲಿಲ್ಲ.

ಬಿದ್ದದ್ದು ಕಾಕೂ. ಒಂದು ಮುಂಜಾನೆ ಹಿತ್ತಲಿನಲ್ಲಿ ನೀರು ಕಾಯಿಸುತ್ತ ಎದೆ ಹಿಡಿದುಕೊಂಡು ಕುಳಿತವಳು ಏಳಲಿಲ್ಲ. ಗೋಡೆ ಹಾರಿ ಓಡಿದೆ. ನಾನು ಹಲ್ಲಿನ ಡಾಕ್ಟರು, ಎದೆಗೆ ಏನು ಮಾಡಲಿ? ಮಾಡಬೇಕಾದ್ದೆಲ್ಲ ಮಾಡಿದೆ... ಆಗಲೇ ಮುಗಿದಿತ್ತು.

ನಮ್ಮಲ್ಲಿ ರೂಢಿ ಇರುವಂತೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದರು. ಕವಳಿಯನ್ನು ತೆಗೆದು ವಾಟಗದಲ್ಲಿ, ಸಣ್ಣ ಬಟ್ಟಲಿನಲ್ಲಿ, ಇಟ್ಟಿದ್ದರು. ಬಾಯಿ ಒಳಗೆ ಇಳಿದು, ಮುಖ ಯಾರದೋ ಆಗಿತ್ತು. ಕುಡಚಿಯಿಂದ ಅಕ್ಕನನ್ನು ಗಾಡಿ ಮಾಡಿ ಕರೆತರುತ್ತಿದ್ದಾರೆ ಎಂದು ಯಾರೋ ಅಂದರು. ನಾನು ಎದ್ದು ವಾಟಗ ತೆಗೆದುಕೊಂಡೆ. ದಾದಾ ತಡೆದ. "ಇನ್ನ ಯಾಕ ತಂಗಿ ಅದು? ಮಣ್ಣಿಗಿ ಹೋಗಾಕಿಗೆ" ಎಂದ. ಓಣಿಯ ಹಿರಿಯರೊಬ್ಬರು, ಕೃತಕ ವಸ್ತು ಮೈಮೇಲೆ ಇರಬಾರದು ಎಂದರು. ಅಕ್ಕ ನೋಡಿ ಹೋಗುವವರೆಗೆ ಇರಲಿ, ಆಮೇಲೆ ನಾನೇ ತೆಗೆಯುತ್ತೇನೆ ಎಂದು ಹೇಳಿ, ತೊಳೆದು, ಕಾಕೂನ ಬಾಯಿಗೆ ಹಾಕಿದೆ. ಎಷ್ಟೋ ಸಲ ಹಾಕಿದ್ದೇ. ಅವತ್ತು ಅವಳು ನನಗೆ ಏನೂ ಅನ್ನಲಿಲ್ಲ.

ಅಕ್ಕನನ್ನು ಹಿಡಿದು ಇಳಿಸಿದರು. ಮಂದಿಯನ್ನು ಕಂಡು, ಯಾರ ಮನೆಯ ಮದುವೆ ಎಂದು ಕೇಳಿದಳು. ಕಾಕೂನ ಎದುರು ತಂದು ಕೂಡಿಸಿದರು. ಸುಮ್ಮನೆ ನೋಡಿದಳು, ಪಕ್ಕದವರನ್ನು ನೋಡಿದಳು, ಮತ್ತೆ ನೋಡಿದಳು. ಆಮೇಲೆ ತನ್ನ ಹೆಬ್ಬೆರಳಿನಿಂದ ತಂಗಿಯ ಎಡಗಡೆಯ ತುಟಿಯನ್ನು ಚೂರು ಮೇಲಕ್ಕೆ ಎತ್ತಿದಳು.

ನಮ್ಮ ಕಡೆ ಹೆಂಗಸರು ಸತ್ತವರ ಎದುರು ಹಾಡಿಕೊಂಡು ಅಳುತ್ತಾರೆ. ಬದುಕಿನಲ್ಲಿ ನಡೆದದ್ದನ್ನೆಲ್ಲ ಸಾಲು ಸಾಲಾಗಿ ಎತ್ತಿ ಆಡುತ್ತ ಅಳುವ ರೀತಿ ಅದು. ತನ್ನ ಹೆಸರೂ ನೆನಪಿಲ್ಲದ ಆ ಮುದುಕಿ ದನಿ ತೆಗೆದು ಹಾಡಿಕೊಂಡು ಅಳತೊಡಗಿದಳು. ತಾಯಿಯಿಲ್ಲದ ನಿನ್ನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದೆನಲ್ಲ ಎಂದಳು. ತಲೆಗೆ ಎಣ್ಣೆ ಹಚ್ಚಿ ಹಿಕ್ಕಿದೆನಲ್ಲ ಎಂದಳು. ನೋಡಲು ಬಂದ ವರ ಈ ಹಲ್ಲು ನೋಡಿ ಎದ್ದು ಹೋಗುತ್ತಾನೆ, ಬಾಯಿ ಮುಚ್ಚಿಕೊಂಡು ನಗು ಎಂದು ನಾನು ಬಡಕೊಂಡರೂ ನೀನು ಅವನ ಎದುರಿಗೇ ಬಾಯಿ ತೆರೆದು ನಕ್ಕೆಯಲ್ಲ, ಆ ನಗುವನ್ನೇ ಮೆಚ್ಚಿ ನಿನ್ನನ್ನು ಮಾಡಿಕೊಂಡು ಹೋದನಲ್ಲ ಎಂದಳು. ದಾದಾ ಬಾಯಿಗೆ ಟವೆಲು ಒತ್ತಿಕೊಂಡು ಕೇಳುತ್ತಿದ್ದ. ಅವನಿಗೂ ಇದು ಗೊತ್ತಿರಲಿಲ್ಲ. ಕೊನೆಗೆ ಆಕೆಯ ದನಿ ಒಡೆಯಿತು. "ನಾ ಉಳದೀನಿ, ನನಗ ಉಣಸಾಕಿ ನೀನ ಹೊಂಟಿ ಬೇ" ಎಂದಳು. ಪಡಸಾಲೆಯಲ್ಲಿ ಅಳದವರು ಯಾರೂ ಇರಲಿಲ್ಲ.

ಕವಳಿ ತೆಗೆಯಲು ನಾನು ಎದ್ದಾಗ, ಮೊದಲು ಬೇಡ ಎಂದಿದ್ದ ಆ ಹಿರಿಯರೇ ಕೈ ಅಡ್ಡ ಹಿಡಿದರು. "ಇರಲಿ ಬಿಡವ್ವ. ಆಕೀ ಹಲ್ಲ ಅದು" ಎಂದರು. ಅಕ್ಕೋಳದ ಹೊಲದಲ್ಲಿ, ಕಬ್ಬಿನ ಬದುವಿನ ಹತ್ತಿರ, ಹಾಗೆಯೇ ಮಣ್ಣು ಮಾಡಿದರು.

ಸಂಜೆ ಗಾಡಿ ಹತ್ತುವಾಗ ಅಕ್ಕ ಎಲ್ಲವನ್ನೂ ಮರೆತಿದ್ದಳು. ಊಟ ಚೆನ್ನಾಗಿತ್ತು ಎಂದು ನನಗೆ ಉಪಚಾರದ ಮಾತು ಹೇಳಿ ಹೋದಳು. ಆ ಹಲ್ಲು ಹಾಕದಿದ್ದರೆ ಆಕೆ ಯಾರದೋ ಮದುವೆಗೆ ಬಂದು ಹೋದೆ ಎಂದುಕೊಂಡು ಸುಖವಾಗಿ ತಿರುಗಿ ಹೋಗುತ್ತಿದ್ದಳು. ಆ ದುಃಖವನ್ನು ನಾನೇ ಕೈಯಾರೆ ಕೊಟ್ಟೆ. ಕೊಡಬಾರದಿತ್ತೇ ಎಂದು ಬಹಳ ದಿನ ತಲೆ ಕೆಡಿಸಿಕೊಂಡೆ. ಈಗ ಹಾಗೆ ಅನ್ನಿಸುವುದಿಲ್ಲ. ಕಾಕೂನಂಥವಳು ಹೋಗುವಾಗ ಅವಳಿಗಾಗಿ ಹಾಗೆ ಅಳುವವರು ಒಬ್ಬರಾದರೂ ಬೇಕಿತ್ತು.

ಕುಡಚಿ ಅಕ್ಕನೂ ಬಹಳ ದಿನ ಉಳಿಯಲಿಲ್ಲ. ಮಗ ಸೊಸೆ ಕಾಲು ಹಿಡಿದು ಬೇಡಿಕೊಂಡರೂ ಆಕೆ ಅವರ ಕೈಯಿಂದ ಸರಿಯಾಗಿ ಉಣ್ಣಲಿಲ್ಲವಂತೆ.

ಈಗ ನನ್ನ ದವಾಖಾನೆಯಲ್ಲೇ ಮರಳು ಹೊಡೆಸುವ ಸಣ್ಣ ಮಷೀನಿದೆ. ಮೊನ್ನೆ ಬಂದ ಹೆಂಗಸಿನ ಕವಳಿಯನ್ನು ಅದರಲ್ಲೇ ಸರಿಮಾಡಿ ಕೊಟ್ಟೆ, ಬೈಯದೆ ಕಳಿಸಿದೆ. ಅಕ್ಕೋಳದ ಕಡೆ ಹೋದಾಗ ದಾದಾನ ಹೊಲದ ಬದುವಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅಕ್ರಿಲಿಕ್ ಮಣ್ಣಿನಲ್ಲಿ ಕೊಳೆಯುವ ವಸ್ತುವಲ್ಲ, ಕಾಂಪೋಸಿಟ್ಟೂ ಅಲ್ಲ. ಕಾಕೂ ಈಗ ಪೂರಾ ಮಣ್ಣಾಗಿರುತ್ತಾಳೆ. ನಾನು ಕಟ್ಟಿದ ಹಲ್ಲು ಮಾತ್ರ ಇನ್ನೂ ಆ ಹಲ್ಲಿನ ಮೇಲೆ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ತೋರಿಸಿ ನಗುವವಳು ಇಲ್ಲ, ಅದನ್ನು ಕಂಡು ಇವಳು ನನ್ನವಳು ಎನ್ನುವವಳೂ ಇಲ್ಲ.